ಪುಟ್ಟ ಬೋರ್ಡ್‌ನ ಮೆಮೊರಿ ಕಾರ್ಡ್ ಪದೇ ಪದೇ ಕೆಡುತ್ತಿದೆಯಾ? ಮೊದಲು ಕರೆಂಟ್ ನೋಡಿ

ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ಇಟ್ಟುಕೊಂಡವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. "ರಾಸ್ಪ್‌ಬೆರಿ ಪೈ ಚೆನ್ನಾಗಿಯೇ ಓಡ್ತಾ ಇತ್ತು. ನಿನ್ನೆ ಕರೆಂಟ್ ಹೋಗಿ ಬಂತು, ಈಗ ಬೂಟ್ ಆಗ್ತಾ ಇಲ್ಲ. ಯಾವ ಕಂಪನಿಯ ಕಾರ್ಡ್ ತಗೊಂಡರೆ ಈ ತಲೆನೋವು ತಪ್ಪುತ್ತೆ?"

ಉತ್ತರ ಪ್ರಶ್ನೆಯಲ್ಲೇ ಇದೆ, ನೋಡಿ. ಕರೆಂಟ್ ಹೋಗಿ ಬಂತು ಅಂತ ನೀವೇ ಹೇಳಿದಿರಿ. ಕಾರ್ಡ್ ಎಷ್ಟೇ ಒಳ್ಳೆಯದಿದ್ದರೂ ಬರೆಯುತ್ತಿರುವಾಗ ಕರೆಂಟ್ ಕಿತ್ತುಕೊಂಡರೆ ಅದು ಏನು ತಾನೇ ಮಾಡೀತು? ಕಾರ್ಡ್ ಸವೆದು ಸಾಯುವುದೂ ಇದೆ, ನಕಲಿ ಕಾರ್ಡ್‌ಗಳೂ ಇವೆ. ಆದರೆ ನನ್ನ ಕೈಗೆ ಬಂದ "ಕೆಟ್ಟ" ಕಾರ್ಡ್‌ಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ, ಅವುಗಳ ಮೇಲಿದ್ದ ಬರಹ ಮಾತ್ರ ಕೆಟ್ಟಿತ್ತು. ಅದಕ್ಕೇ ಈ ಲೇಖನದಲ್ಲಿ ಕಾರ್ಡ್ ಖರೀದಿ ನಾಲ್ಕನೇ ಹಂತಕ್ಕೆ ಹೋಗಿದೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ರಾಸ್ಪ್‌ಬೆರಿ ಪೈ ಮತ್ತು ಅದರ ರಾಸ್ಪ್‌ಬೆರಿ ಪೈ ಓಎಸ್ ಬಗ್ಗೆ. ಆ ಓಎಸ್, ಅಂದರೆ ಬೋರ್ಡನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್‌ನದೇ ಒಂದು ರೂಪ. ಆರೆಂಜ್ ಪೈ, ಬನಾನಾ ಪೈ, ಓಡ್ರಾಯ್ಡ್‌ನಂಥ ಬೇರೆ ಬೋರ್ಡ್ ಇಟ್ಟುಕೊಂಡವರಿಗೂ ವಿಷಯ ಅದೇ, ಮೆನುಗಳು ಬೇರೆ ಅಷ್ಟೆ. ಇನ್ನೊಂದು ಮಾತು: ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಏನೇನು ಬೇಕು? ಇನ್ನೊಂದು ಕಂಪ್ಯೂಟರ್, ಒಂದು ಕಾರ್ಡ್ ರೀಡರ್, ಅಷ್ಟೇ ಅಳತೆಯ ಅಥವಾ ದೊಡ್ಡದಾದ ಇನ್ನೊಂದು ಕಾರ್ಡ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಕಾರ್ಡ್ ಒಳಗೆ ಏನು ನಡೆಯುತ್ತದೆ

ಇದನ್ನು ಬಿಟ್ಟು ಮುಂದೆ ಓಡಬೇಡಿ. ಇದು ಗೊತ್ತಾದರೆ ಉಳಿದ ಹಂತಗಳು ಯಾಕೆ ಅಂತ ತಾನಾಗಿ ಅರ್ಥವಾಗುತ್ತದೆ.

ಮೆಮೊರಿ ಕಾರ್ಡ್ ಅಂದರೆ ಬರೀ ಗೋದಾಮು ಅಲ್ಲ, ಅದರೊಳಗೆ ಒಬ್ಬ ಗುಮಾಸ್ತನೂ ಇದ್ದಾನೆ. ಅವನ ಹೆಸರು ಕಂಟ್ರೋಲರ್. ಕಾರ್ಡ್‌ನ ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಪುಟಗಳ ಲೆಕ್ಕದಲ್ಲಿ, ಒಂದೊಂದು ಪುಟ ಕೆಲವು ಕಿಲೋಬೈಟ್. ಆದರೆ ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಒಂದು ಬ್ಲಾಕ್ ಅಂದರೆ ನೂರಾರು ಪುಟ, ಎಷ್ಟೋ ಸಲ ಹಲವು ಮೆಗಾಬೈಟ್. ಬರೆದ ಪುಟದ ಮೇಲೆ ಮತ್ತೆ ತಿದ್ದುವ ಹಾಗಿಲ್ಲ. ಹಾಗಾಗಿ ನೀವು ಒಂದು ಸಾಲಿನ ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ಬರೆದರೂ ಗುಮಾಸ್ತ ಹೊಸ ಜಾಗದಲ್ಲಿ ಬರೆದು, "ಇದು ಇನ್ನು ಮೇಲೆ ಇಲ್ಲಿದೆ" ಅಂತ ತನ್ನ ಸೂಚಿಯಲ್ಲಿ ತಿದ್ದಿಕೊಂಡು, ಜಾಗ ಸಾಲದಾದಾಗ ಹಳೆಯ ಬ್ಲಾಕ್‌ನಲ್ಲಿ ಉಳಿದ ಒಳ್ಳೆಯ ಪುಟಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿ, ಆಮೇಲೆ ಆ ಬ್ಲಾಕನ್ನು ಪೂರ್ತಿ ಅಳಿಸುತ್ತಾನೆ.

ಈ ನಕಲು ನಡೆಯುವಾಗ ದೀಪ ಆರಿದರೆ? ನೀವು ಬರೆಯುತ್ತಿದ್ದ ಫೈಲ್ ಹೋದರೆ ಹೋಗಲಿ ಅನ್ನಬಹುದು. ತಿಂಗಳಿಂದ ಮುಟ್ಟದೇ ಇದ್ದ, ಅದೇ ಬ್ಲಾಕ್‌ನಲ್ಲಿ ಪಕ್ಕದಲ್ಲಿ ಸುಮ್ನೆ ಕೂತಿದ್ದ ಸಿಸ್ಟಮ್ ಫೈಲ್ ಕೂಡ ಹೋಗಬಹುದು. ಗುಮಾಸ್ತನ ಸೂಚಿಯೇ ಹಾಳಾದರೆ ಇಡೀ ಕಾರ್ಡ್ ಗುರುತು ಸಿಗದ ಹಾಗೆ ಆಗಬಹುದು. "ಆ ಫೈಲನ್ನು ನಾನು ಮುಟ್ಟೇ ಇರಲಿಲ್ಲ" ಅಂತ ಜನ ಆಶ್ಚರ್ಯಪಡುವುದು ಇದಕ್ಕೇ.

ಇದರ ಮೇಲೆ ಲಿನಕ್ಸ್‌ನದೇ ಲೆಕ್ಕ ಇನ್ನೊಂದಿದೆ. ನೀವು ಸೇವ್ ಮಾಡಿದ್ದು ಕೂಡಲೇ ಕಾರ್ಡ್‌ಗೆ ಹೋಗುವುದಿಲ್ಲ. ಮೊದಲು ರ್‍ಯಾಮ್‌ನಲ್ಲಿ ಕೂತು, ಕೆಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಕಳೆದ ಮೇಲೆ ಇಳಿಯುತ್ತದೆ. ಕಾರ್ಡ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಜರ್ನಲ್ ಇದೆ, ಅಂದರೆ ಮಾಡುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಆ ದಿನಚರಿ ನೋಡಿ ಸರಿಮಾಡಿಕೊಳ್ಳುತ್ತದೆ. ಆದರೆ ಗುಮಾಸ್ತ "ಬರೆದಾಯ್ತು" ಅಂತ ಹೇಳಿ ಬರೆಯದೇ ಇದ್ದರೆ ದಿನಚರಿಯಿಂದ ಏನೂ ಆಗದು. ಇನ್ನು ಬೂಟ್ ಪಾರ್ಟಿಷನ್, ಅಂದರೆ ಬೋರ್ಡ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಕಾರ್ಡ್‌ನ ಭಾಗ, ಇರುವುದು ಫ್ಯಾಟ್ ಫೈಲ್ ಸಿಸ್ಟಮ್‌ನಲ್ಲಿ. ಅದಕ್ಕೆ ದಿನಚರಿಯೇ ಇಲ್ಲ.

ಹಂತ 1: ಏನನ್ನೂ ಮುಟ್ಟುವ ಮೊದಲು ಒಂದು ಪ್ರತಿ

ಮುಂದಿನ ಹಂತಗಳಲ್ಲಿ ಸಿಸ್ಟಮ್ ಫೈಲ್‌ಗಳನ್ನು ತಿದ್ದುತ್ತೇವೆ. ಇರುವ ಒಂದೇ ಪ್ರತಿಯ ಮೇಲೆ ಅದನ್ನು ಮಾಡಬೇಡಿ.

ಡೆಸ್ಕ್‌ಟಾಪ್ ಇರುವ ಪೈ ಆದರೆ ಮೆನುವಿನಲ್ಲಿ ಎಸ್‌ಡಿ ಕಾರ್ಡ್ ಕಾಪಿಯರ್ ಇದೆ. ಯುಎಸ್‌ಬಿ ಕಾರ್ಡ್ ರೀಡರ್‌ನಲ್ಲಿ ಇನ್ನೊಂದು ಕಾರ್ಡ್ ಹಾಕಿ, ಎಲ್ಲಿಂದ ಎಲ್ಲಿಗೆ ಅಂತ ಆರಿಸಿ, ಸ್ಟಾರ್ಟ್ ಒತ್ತಿ. ಎಲ್ಲ ಫೈಲ್‌ಗಳಿಗೂ ಜಾಗ ಇದ್ದರೆ ಸಾಕು, ಎರಡನೇ ಕಾರ್ಡ್ ಅಷ್ಟೇ ಅಳತೆಯದ್ದೇ ಆಗಬೇಕೆಂದಿಲ್ಲ. ಇಲ್ಲದಿದ್ದರೆ ಬೋರ್ಡ್ ಆಫ್ ಮಾಡಿ, ಕಾರ್ಡ್ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ಇಮೇಜ್ ಮಾಡಿಕೊಳ್ಳಿ. ಇಮೇಜ್ ಅಂದರೆ ಇಡೀ ಕಾರ್ಡ್‌ನ ತದ್ರೂಪು, ಒಂದೇ ಫೈಲ್ ಆಗಿ. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್‌ನ ರೀಡ್ ಬಟನ್, ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್.

ಎಡವುವ ಜಾಗಗಳು ಎರಡು. ಡಿಡಿಯಲ್ಲಿ ಐಎಫ್ ಅಂದರೆ ಎಲ್ಲಿಂದ, ಓಎಫ್ ಅಂದರೆ ಎಲ್ಲಿಗೆ. ಇವೆರಡು ಅದಲುಬದಲಾದರೆ ಡಿಡಿ ಒಂದು ಮಾತೂ ಕೇಳದೆ ಬರೆದುಬಿಡುತ್ತದೆ, ಆದ್ದರಿಂದ ಎಂಟರ್ ಒತ್ತುವ ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ನಿಂದ ಡ್ರೈವ್ ಹೆಸರು ಎರಡು ಸಲ ನೋಡಿ. ಎರಡನೆಯದು, 32 ಜಿಬಿ ಕಾರ್ಡ್‌ನ ಇಮೇಜ್ ಇನ್ನೊಂದು 32 ಜಿಬಿ ಕಾರ್ಡ್‌ಗೆ ಹಿಡಿಸದೇ ಹೋಗಬಹುದು. ಒಂದೊಂದು ತಯಾರಕರ 32 ಜಿಬಿಯಲ್ಲಿ ಕೆಲವು ಮೆಗಾಬೈಟ್ ಹೆಚ್ಚುಕಡಿಮೆ ಇರುತ್ತದೆ. ಪೈಶ್ರಿಂಕ್ ಅನ್ನುವ ಸ್ಕ್ರಿಪ್ಟ್ ಇಮೇಜ್‌ನ ಖಾಲಿ ಭಾಗವನ್ನು ಕತ್ತರಿಸಿ ಚಿಕ್ಕದು ಮಾಡಿಕೊಡುತ್ತದೆ.

ಮಾಡಿಕೊಂಡ ಪ್ರತಿಯಿಂದ ಒಂದು ಸಲ ಬೂಟ್ ಮಾಡಿ ನೋಡಿ. ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.

ಹಂತ 2: ಅಡಾಪ್ಟರ್ ಮತ್ತು ಕೇಬಲ್

ಕರೆಂಟ್ ಪೂರ್ತಿ ಹೋಗಲೇಬೇಕು ಅಂತಿಲ್ಲ, ವೋಲ್ಟೇಜ್ ಒಂದು ಕ್ಷಣ ಕುಸಿದರೂ ಸಾಕು. ಬೋರ್ಡ್ ಓಡುತ್ತಲೇ ಇರುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ, ಕಾರ್ಡ್‌ಗೆ ಬರೆದದ್ದು ಮಾತ್ರ ಎಡವಟ್ಟಾಗಿರುತ್ತದೆ.

ಪೈ 3ಕ್ಕೆ 5.1 ವೋಲ್ಟ್ 2.5 ಆಂಪ್, ಪೈ 4ಕ್ಕೆ 5.1 ವೋಲ್ಟ್ 3 ಆಂಪ್, ಪೈ 5ಕ್ಕೆ 5.1 ವೋಲ್ಟ್ 5 ಆಂಪ್ ಅಡಾಪ್ಟರ್ ಹೇಳಿದ್ದಾರೆ. ಆ 5.1 ಅನ್ನುವುದು ಅಚ್ಚಿನ ತಪ್ಪಲ್ಲ. ಕೇಬಲ್‌ನಲ್ಲಿ ಸೋರಿಹೋಗುವ ವೋಲ್ಟೇಜ್‌ಗೆ ಅಂತ ಸ್ವಲ್ಪ ಮೇಲೆ ಇಟ್ಟಿದ್ದಾರೆ. ಎಷ್ಟು ಸೋರುತ್ತದೆ? ಹೋಗಿ ಬರುವ ತಂತಿ ಸೇರಿ 0.1 ಓಮ್ ತಡೆ ಇರುವ ಕೇಬಲ್‌ನಲ್ಲಿ 3 ಆಂಪ್ ಹರಿದರೆ 0.3 ವೋಲ್ಟ್ ಅಲ್ಲೇ ಹೋಯಿತು, ಬೋರ್ಡ್‌ಗೆ ಸಿಕ್ಕಿದ್ದು 4.8. ತೆಳ್ಳಗಿನ, ಉದ್ದನೆಯ ಕೇಬಲ್‌ನಲ್ಲಿ ತಡೆ 0.2 ಓಮ್ ಇದ್ದರೆ ಸಿಗುವುದು 4.5 ವೋಲ್ಟ್ ಮಾತ್ರ. ಪೈ "ವೋಲ್ಟೇಜ್ ಕಡಿಮೆ" ಅಂತ ಎಚ್ಚರಿಸುವುದು ಸುಮಾರು 4.63 ವೋಲ್ಟ್‌ಗೆ. ಅಡಾಪ್ಟರ್ ಚಿನ್ನದಂಥದ್ದೇ ಇರಲಿ, ಕೇಬಲ್ ಹಾಳಾಗಿದ್ದರೆ ಅಷ್ಟೇ ಕಥೆ.

ಪರೀಕ್ಷೆ ಸುಲಭ. ಬೋರ್ಡ್ ಕೆಲಸ ಮಾಡುತ್ತಿರುವಾಗ ಹೀಗೆ ಕೇಳಿ:

ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್

0ಎಕ್ಸ್0 ಅಂತ ಬಂದರೆ ಚಿಂತೆ ಇಲ್ಲ. 0ಎಕ್ಸ್50000 ಬಂದರೆ, ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿತ್ತು, ಅದರ ಜೊತೆಗೆ ಪ್ರಾಸೆಸರ್ ವೇಗವನ್ನೂ ತಗ್ಗಿಸಬೇಕಾಗಿ ಬಂದಿತ್ತು ಅಂತ. ಕೊನೆಯ ಅಂಕಿಯೂ ಸೊನ್ನೆ ಅಲ್ಲದೆ 0ಎಕ್ಸ್50005 ಬಂದರೆ ಈ ಕ್ಷಣವೂ ಕುಸಿದೇ ಇದೆ. ಸುಮ್ನೆ ಕೂತಿರುವ ಬೋರ್ಡ್‌ನಲ್ಲಿ ಇದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಕೆಲಸ ಹಚ್ಚಿ, ಯುಎಸ್‌ಬಿ ಸಾಧನಗಳನ್ನೆಲ್ಲ ಸಿಕ್ಕಿಸಿ, ಅರ್ಧ ದಿನ ಓಡಿಸಿ ಆಮೇಲೆ ನೋಡಿ. ಪರದೆ ಇದ್ದರೆ ಮೂಲೆಯಲ್ಲಿ ಕಾಣುವ ಮಿಂಚಿನ ಗುರುತೂ ಇದನ್ನೇ ಹೇಳುತ್ತದೆ. ಪೈ 5ರಲ್ಲಿ ವಿಸಿಜೆನ್‌ಸಿಎಂಡಿ ಪಿಎಂಐಸಿ_ರೀಡ್_ಎಡಿಸಿ ಕಮಾಂಡ್ ಒಳಬರುವ ವೋಲ್ಟೇಜನ್ನೇ ತೋರಿಸುತ್ತದೆ. ಹಳೆಯ ಬೋರ್ಡ್ ಆದರೆ ಮಲ್ಟಿಮೀಟರ್‌ನಿಂದ ಬೋರ್ಡ್ ಅಂಚಿನ ಪಿನ್ ಸಾಲಿನ 4ನೇ ಮತ್ತು 6ನೇ ಪಿನ್ ನಡುವೆ ಅಳೆಯಬಹುದು. ಕೈ ನಡುಗಿ ಪಿನ್‌ಗಳು ಒಂದಕ್ಕೊಂದು ತಾಗಿದರೆ ಬೋರ್ಡೇ ಹೋಗುತ್ತದೆ, ಜೋಕೆ.

ಎಲ್ಲರೂ ಬೀಳುವ ಹಳ್ಳ ಒಂದಿದೆ, ಅದು ಫೋನ್ ಚಾರ್ಜರ್. ಮೇಲೆ 18 ವ್ಯಾಟ್ ಅಂತ ಬರೆದಿರುತ್ತದೆ, ಆದರೆ ಅದು 9 ವೋಲ್ಟ್‌ನಲ್ಲಿ ಕೊಡುವ ಲೆಕ್ಕ. ನಮ್ಮ ಬೋರ್ಡ್ ಕೇಳುವುದು 5 ವೋಲ್ಟ್, ಆಗ ಅದು ಎಷ್ಟು ಆಂಪ್ ಕೊಡುತ್ತದೆ ಅನ್ನುವುದನ್ನು ಚಾರ್ಜರ್ ಮೇಲಿನ ಸಣ್ಣ ಅಕ್ಷರದಲ್ಲಿ ಓದಿ. 65 ವ್ಯಾಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಪೈ 5ಕ್ಕೆ ಧಾರಾಳ ಅಂತ ತಿಳಿದವರೂ ಇದ್ದಾರೆ. ಅಂಥ ಹೆಚ್ಚಿನ ಚಾರ್ಜರ್‌ಗಳು 5 ವೋಲ್ಟ್‌ನಲ್ಲಿ ಕೊಡುವುದು 3 ಆಂಪ್ ಮಾತ್ರ. ಆಗ ಪೈ 5 ತನ್ನ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ.

ಯುಎಸ್‌ಬಿ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕೆ ತನ್ನದೇ ಅಡಾಪ್ಟರ್ ಇರುವ ಹಬ್ ಕೊಡಿ. ಡಿಸ್ಕ್ ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಿ ಎಳೆಯುವ ಕರೆಂಟ್ ಬೋರ್ಡ್‌ನ ಉಸಿರು ಕಟ್ಟಿಸುತ್ತದೆ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ಬೋರ್ಡನ್ನು ನಿಗದಿಗಿಂತ ವೇಗವಾಗಿ ಓಡಿಸುತ್ತಿದ್ದರೆ, ಅದರಲ್ಲೂ ಕಾರ್ಡ್ ಸ್ಲಾಟ್‌ನ ವೇಗ ಏರಿಸಿದ್ದರೆ, ದಯವಿಟ್ಟು ತೆಗೆದುಬಿಡಿ.

ಹಂತ 3: ಆಫ್ ಮಾಡುವ ರೀತಿ

ಪ್ಲಗ್ ಕೀಳುವುದು ಆಫ್ ಮಾಡುವ ವಿಧಾನ ಅಲ್ಲ. ಸುಡೋ ಪವರ್‌ಆಫ್ ಕೊಡಿ, ಹಸಿರು ದೀಪ ಮಿಣುಕುವುದು ಪೂರ್ತಿ ನಿಲ್ಲಲಿ, ಇನ್ನೊಂದು ಹತ್ತು ಸೆಕೆಂಡು ಬಿಟ್ಟು ಪ್ಲಗ್ ತೆಗೆಯಿರಿ. ಆ ಹತ್ತು ಸೆಕೆಂಡು ನಮ್ಮ ಗುಮಾಸ್ತನಿಗೆ, ಅವನ ಕೈಯಲ್ಲಿ ಬಾಕಿ ಕೆಲಸ ಇರಬಹುದು.

ಪರದೆ, ಕೀಬೋರ್ಡ್ ಇಲ್ಲದೆ ಮೂಲೆಯಲ್ಲಿ ಕೂತಿರುವ ಬೋರ್ಡ್ ಆದರೆ ಒಂದು ಬಟನ್ ಹಾಕಿಕೊಳ್ಳಿ. ಪೈ 5ರಲ್ಲಿ ಪವರ್ ಬಟನ್ ಬೋರ್ಡ್‌ನಲ್ಲೇ ಇದೆ. ಹಳೆಯದರಲ್ಲಿ ಒಂದು ಸಾಮಾನ್ಯ ಒತ್ತುಗುಂಡಿಯನ್ನು 5ನೇ ಮತ್ತು 6ನೇ ಪಿನ್‌ಗೆ ಜೋಡಿಸಿ, ಕಾನ್ಫಿಗ್.ಟಿಎಕ್ಸ್‌ಟಿ ಫೈಲ್‌ನ ಕೊನೆಗೆ ಈ ಸಾಲು ಸೇರಿಸಿದರೆ ಸಾಕು:

ಡಿಟಿಓವರ್‌ಲೇ=ಜಿಪಿಐಓ-ಶಟ್‌ಡೌನ್

ಒತ್ತಿದರೆ ಕ್ರಮವಾಗಿ ಶಟ್‌ಡೌನ್ ಆಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಒಂದೇ ತೊಡಕು, 5ನೇ ಪಿನ್ ಅಂದರೆ ಐ2ಸಿ ಸೆನ್ಸರ್‌ಗಳು ಬಳಸುವ ಪಿನ್ನೇ. ಸೆನ್ಸರ್ ಇದ್ದರೆ ಬೇರೆ ಪಿನ್ ಆರಿಸಬೇಕಾಗುತ್ತದೆ, ಆಗ ಆಫ್ ಮಾಡುವುದು ನಡೆಯುತ್ತದೆ, ಬಟನ್‌ನಿಂದ ಏಳಿಸುವುದು ನಡೆಯುವುದಿಲ್ಲ.

ಕರೆಂಟ್ ಆಗಾಗ ಹೋಗುವ ಕಡೆ ಯುಪಿಎಸ್ ಬೇಕು. ಇಲ್ಲೂ ಒಂದು ಮಾತು. ಬರೀ ಬ್ಯಾಟರಿ ಇರುವ ಯುಪಿಎಸ್ ಸಮಸ್ಯೆಯನ್ನು ಒಂದೆರಡು ಗಂಟೆ ಮುಂದೂಡುತ್ತದೆ ಅಷ್ಟೆ, ಬ್ಯಾಟರಿ ಮುಗಿದಾಗ ಮತ್ತೆ ಅದೇ ಧಡಕ್. "ಬ್ಯಾಟರಿ ಮುಗಿಯುತ್ತಿದೆ, ಆಫ್ ಆಗು" ಅಂತ ಬೋರ್ಡ್‌ಗೆ ಹೇಳಬಲ್ಲ ಯುಪಿಎಸ್ ನೋಡಿ ತಗೊಳ್ಳಿ, ಮತ್ತು ಅದರ ಜೊತೆ ಬರುವ ಸ್ಕ್ರಿಪ್ಟನ್ನು ಮರೆಯದೆ ಹಾಕಿ. ಟೈಮರ್ ಇಟ್ಟ ಸ್ಮಾರ್ಟ್ ಪ್ಲಗ್‌ನಿಂದ ರಾತ್ರಿ ಬೋರ್ಡ್ ಆಫ್ ಮಾಡುವವರು ದಿನಕ್ಕೊಂದು ಸಲ ಜೂಜಾಡುತ್ತಿದ್ದೀರಿ. ಪ್ಲಗ್ ಆಫ್ ಆಗುವ ಐದು ನಿಮಿಷ ಮೊದಲು ಬೋರ್ಡ್ ತಾನಾಗಿ ಶಟ್‌ಡೌನ್ ಆಗುವ ಹಾಗೆ ಕ್ರಾನ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಲಿನಕ್ಸ್‌ನ ಪಟ್ಟಿಯಲ್ಲಿ, ಒಂದು ಸಾಲು ಬರೆದಿಡಿ.

ಈ ಮೂರು ಹಂತ ಮುಗಿಸಿ ಇಲ್ಲಿಗೇ ನಿಲ್ಲಿಸಿದರೂ ಮುಕ್ಕಾಲು ಪಾಲು ತೊಂದರೆ ಕಳೆದ ಹಾಗೆ.

ಹಂತ 4: ಕಾರ್ಡ್ ಆರಿಸುವುದು, ಪರೀಕ್ಷಿಸುವುದು

ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡ್ ತಗೊಳ್ಳಿ. ಇವು ಕಾರಿನ ಕ್ಯಾಮೆರಾ, ಸಿಸಿಟಿವಿಯಂಥ ಸದಾ ಬರೆಯುವ ಕೆಲಸಕ್ಕೆ ಮಾಡಿದವು, ಸವೆತ ತಡೆಯುತ್ತವೆ. ಕೆಲಸ ನಿಜಕ್ಕೂ ಗಂಭೀರವಾದದ್ದಾದರೆ ಇಂಡಸ್ಟ್ರಿಯಲ್ ದರ್ಜೆಯವು ಇವೆ.

ಕಾರ್ಡ್ ಮೇಲಿನ ಗುರುತುಗಳ ವಿಷಯ. ಕ್ಲಾಸ್ 10 ಅಂದರೆ ಸಾಲಾಗಿ ಬರೆಯುವಾಗ ಸೆಕೆಂಡಿಗೆ ಕನಿಷ್ಠ 10 ಎಂಬಿ. ಅದು ಕ್ಯಾಮೆರಾಗೆ ಬೇಕಾದ ಲೆಕ್ಕ. ಆಪರೇಟಿಂಗ್ ಸಿಸ್ಟಮ್ ಅಲ್ಲಲ್ಲಿ ಚೂರುಚೂರಾಗಿ ಬರೆಯುತ್ತದೆ, ಅದಕ್ಕೆ ಎ1 ಗುರುತು ನೋಡಬೇಕು: ಸೆಕೆಂಡಿಗೆ ಕನಿಷ್ಠ 1500 ಚಿಕ್ಕ ಓದು, 500 ಚಿಕ್ಕ ಬರಹ. ಎ2 ಇನ್ನೂ ಮೇಲಿನದು, ಆದರೆ ಅದರ ಪೂರ್ತಿ ವೇಗ ಸಿಗಬೇಕಾದರೆ ಬೋರ್ಡ್ ಕಡೆಯಿಂದಲೂ ಬೆಂಬಲ ಬೇಕು. ಪೈ 4 ಮತ್ತು ಅದಕ್ಕಿಂತ ಹಳೆಯವಕ್ಕೆ ಎ1 ಸಾಕು. ಈ ಗುರುತುಗಳೆಲ್ಲ ವೇಗದವು, ಬಾಳಿಕೆಯವಲ್ಲ ಅನ್ನುವುದು ನೆನಪಿರಲಿ.

ಅಳತೆ ಮಾತ್ರ ಸ್ವಲ್ಪ ಧಾರಾಳ ಇರಲಿ. ನಿಮಗೆ ಬೇಕಾದದ್ದು 6 ಜಿಬಿ ಆದರೂ 32 ಜಿಬಿ ತಗೊಳ್ಳಿ. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಗುಮಾಸ್ತ ಬರಹವನ್ನು ಎಲ್ಲ ಕಡೆ ಹಂಚಿ, ಒಂದೇ ಬ್ಲಾಕ್ ಸವೆಯದ ಹಾಗೆ ನೋಡಿಕೊಳ್ಳುತ್ತಾನೆ. ಇದಕ್ಕೆ ವೇರ್ ಲೆವೆಲಿಂಗ್ ಅನ್ನುತ್ತಾರೆ.

ಹೊಸ ಕಾರ್ಡ್ ಬಂದ ದಿನವೇ ಪರೀಕ್ಷಿಸಿ. ನಕಲಿ ಕಾರ್ಡ್ 64 ಜಿಬಿ ಅಂತ ತೋರಿಸಿಕೊಂಡು ಒಳಗೆ 8 ಜಿಬಿ ಮಾತ್ರ ಇಟ್ಟುಕೊಂಡಿರುತ್ತದೆ. 8 ತುಂಬುವವರೆಗೆ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ಲಿನಕ್ಸ್‌ನಲ್ಲಿ ಎಫ್3ರೈಟ್, ಆಮೇಲೆ ಎಫ್3ರೀಡ್. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ. ಕಾರ್ಡನ್ನು ಪೂರ್ತಿ ತುಂಬಿಸಿ ವಾಪಸ್ ಓದುವುದರಿಂದ ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಹಂತ 5: ಯಾರು ಬರೆಯುತ್ತಿದ್ದಾರೆ ಅಂತ ಹುಡುಕಿ

ಇಂಟರ್ನೆಟ್‌ನಲ್ಲಿ ಸಿಕ್ಕ ಹದಿನೈದು ಉಪಾಯಗಳನ್ನು ಒಂದೇ ಸಲ ಹಾಕಿ, ಕೊನೆಗೆ ಯಾವುದರಿಂದ ಏನಾಯಿತು ಅಂತಲೇ ಗೊತ್ತಾಗದೆ ಕೂರುವವರು ಬಹಳ. ಮೊದಲು ಅಳೆಯಿರಿ. ಇಎಕ್ಸ್‌ಟಿ4 ತಾನು ಇಲ್ಲಿವರೆಗೆ ಎಷ್ಟು ಬರೆದಿದ್ದೇನೆ ಅಂತ ಲೆಕ್ಕ ಇಟ್ಟಿರುತ್ತದೆ:

ಕ್ಯಾಟ್ /ಸಿಸ್/ಎಫ್‌ಎಸ್/ಇಎಕ್ಸ್‌ಟಿ4/ಎಂಎಂಸಿಬಿಎಲ್‌ಕೆ0ಪಿ2/ಲೈಫ್‌ಟೈಮ್_ರೈಟ್_ಕೆಬೈಟ್ಸ್

ಬರುವ ಸಂಖ್ಯೆ ಕಿಲೋಬೈಟ್‌ಗಳಲ್ಲಿ. ಈಗ ಬರೆದಿಟ್ಟುಕೊಳ್ಳಿ, ನಾಳೆ ಇದೇ ಹೊತ್ತಿಗೆ ಮತ್ತೆ ನೋಡಿ, ಕಳೆಯಿರಿ. ಉದಾಹರಣೆಗೆ ಇವತ್ತು 41200000, ನಾಳೆ 44800000 ಬಂದರೆ ದಿನಕ್ಕೆ ಸುಮಾರು 3.6 ಜಿಬಿ ಬರೆಯುತ್ತಿದೆ ಅಂತಾಯಿತು. ಒಂದು ಉಷ್ಣಾಂಶ ಸೆನ್ಸರ್ ಓದುವ ಬೋರ್ಡ್‌ಗೆ 3.6 ಜಿಬಿ ಯಾಕೆ ಬೇಕು, ಹೇಳಿ? ದಿನಕ್ಕೆ ಕೆಲವು ಹತ್ತು ಎಂಬಿ ಆದರೆ ಈ ಹಂತವನ್ನೂ ಮುಂದಿನದನ್ನೂ ಬಿಟ್ಟು ನೇರ ಏಳಕ್ಕೆ ಹೋಗಿ.

ಜಾಸ್ತಿ ಇದ್ದರೆ ಸುಡೋ ಐಓಟಾಪ್ -ಏಓ ಓಡಿಸಿ, ಹತ್ತು ನಿಮಿಷ ಹಾಗೇ ಬಿಡಿ. ಯಾವ ಪ್ರೋಗ್ರಾಂ ಒಟ್ಟು ಎಷ್ಟು ಬರೆಯಿತು ಅಂತ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಅದರಲ್ಲಿ ಜೆಬಿಡಿ2 ಅಂತ ಕಂಡರೆ ಅದು ಕಳ್ಳ ಅಲ್ಲ, ಇಎಕ್ಸ್‌ಟಿ4ನ ದಿನಚರಿ ಬರೆಯುವವನು, ಬೇರೆಯವರ ಕೆಲಸ ಮಾಡುತ್ತಿರುತ್ತಾನೆ.

ಸಾಮಾನ್ಯವಾಗಿ ಸಿಕ್ಕಿಬೀಳುವವರು ಇವರು: ಪ್ರತಿ ಸೆಕೆಂಡಿಗೊಂದು ಸಾಲು ಸೇರಿಸುವ ಡೇಟಾಬೇಸ್, ಮಿತಿಯೇ ಇಲ್ಲದೆ ಬೆಳೆಯುವ ಡಾಕರ್ ಲಾಗ್, ಬ್ರೌಸರ್‌ನ ಕ್ಯಾಶ್, ಡಿಬಗ್ ಮೋಡ್‌ನಲ್ಲೇ ಮರೆತುಬಿಟ್ಟ ನಿಮ್ಮದೇ ಪೈಥಾನ್ ಸ್ಕ್ರಿಪ್ಟ್. ಡೇಟಾಬೇಸ್ ಆದರೆ ಐದು ನಿಮಿಷದ ಅಂಕಿಗಳನ್ನು ರ್‍ಯಾಮ್‌ನಲ್ಲಿ ಕೂಡಿಟ್ಟು ಒಂದೇ ಸಲ ಬರೆಯಿರಿ. ಹೋಮ್ ಅಸಿಸ್ಟೆಂಟ್ ಬಳಸುವವರು ರೆಕಾರ್ಡರ್‌ನ ಕಮಿಟ್_ಇಂಟರ್ವಲ್ ಅನ್ನು 30 ಸೆಕೆಂಡಿಗೆ ಏರಿಸಿ, ಬೇಡದ ಸೆನ್ಸರ್‌ಗಳನ್ನು ದಾಖಲೆಯಿಂದ ಹೊರಗಿಡಿ. ಡಾಕರ್‌ನಲ್ಲಿ ಲಾಗ್‌ನ ಮ್ಯಾಕ್ಸ್-ಸೈಜ್ ಕೊಡಿ. ಮೂಲದಲ್ಲೇ ಕಡಿಮೆ ಮಾಡಿದರೆ ಮುಂದಿನ ಹಂತದ ಅರ್ಧ ಕಸರತ್ತು ಬೇಕಾಗುವುದೇ ಇಲ್ಲ.

ಹಂತ 6: ಲಾಗ್, ಸ್ವಾಪ್ ಮತ್ತು ಮೌಂಟ್

ಲಾಗ್. ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್ ಕೊಟ್ಟು ನೋಡಿ. ಹಳೆಯ ಬೂಟ್‌ಗಳೂ ಪಟ್ಟಿಯಲ್ಲಿ ಕಂಡರೆ ಲಾಗ್ ಕಾರ್ಡ್‌ನಲ್ಲಿ ಬೀಳುತ್ತಿದೆ, ಈಗಿನ ಬೂಟ್ ಒಂದೇ ಕಂಡರೆ ಆಗಲೇ ರ್‍ಯಾಮ್‌ನಲ್ಲಿದೆ. ಕಾರ್ಡ್‌ನಲ್ಲಿದ್ದರೆ ಜರ್ನಲ್‌ಡಿ.ಕಾನ್ಫ್ ಫೈಲ್‌ನಲ್ಲಿ ಸ್ಟೋರೇಜ್=ವೋಲಟೈಲ್, ರನ್‌ಟೈಮ್‌ಮ್ಯಾಕ್ಸ್‌ಯೂಸ್=20ಎಂ ಅಂತ ಕೊಟ್ಟು ರೀಬೂಟ್ ಮಾಡಿ. ಇದಕ್ಕೆ ಕೊಡುವ ಬೆಲೆ ಅಂದರೆ, ಬೋರ್ಡ್ ಕುಸಿದು ಬಿದ್ದರೆ ಯಾಕೆ ಬಿತ್ತು ಅಂತ ನೋಡಲು ಲಾಗ್ ಉಳಿದಿರುವುದಿಲ್ಲ. ಅದು ಬೇಕು ಅನ್ನುವವರಿಗೆ ಲಾಗ್2ರ್‍ಯಾಮ್ ಇದೆ. ರ್‍ಯಾಮ್‌ನಲ್ಲಿ ಕೂಡಿಟ್ಟು ಆಗೊಮ್ಮೆ ಈಗೊಮ್ಮೆ ಕಾರ್ಡ್‌ಗೆ ಇಳಿಸುತ್ತದೆ. ಆರ್ಮ್‌ಬಿಯನ್ ಅನ್ನುವ ಬೇರೆ ಓಎಸ್ ಹಾಕಿಕೊಂಡವರಿಗೆ ಇಂಥದ್ದು ಮೊದಲಿಂದಲೇ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಲೇಖನಗಳಲ್ಲಿ ಇಡೀ /ವಾರ್/ಲಾಗ್ ಫೋಲ್ಡರನ್ನೇ ಟಿಎಂಪಿಎಫ್‌ಎಸ್ ಮಾಡಿ ಅಂತ ಇರುತ್ತದೆ. ಟಿಎಂಪಿಎಫ್‌ಎಸ್ ಅಂದರೆ ರ್‍ಯಾಮ್‌ನಲ್ಲೇ ಇರುವ ಫೋಲ್ಡರ್, ಪ್ರತಿ ಬೂಟ್‌ನಲ್ಲೂ ಖಾಲಿ. ಎಂಜಿನ್‌ಎಕ್ಸ್, ಅಪಾಚಿಯಂಥವು ತಮ್ಮ ಹೆಸರಿನ ಫೋಲ್ಡರ್ ಅಲ್ಲಿ ಮೊದಲೇ ಇರಬೇಕು ಅನ್ನುತ್ತವೆ. ಇಲ್ಲದಿದ್ದರೆ ಶುರುವಾಗುವುದೇ ಇಲ್ಲ, ನೀವು ವೆಬ್ ಸರ್ವರ್ ಯಾಕೆ ಕೆಟ್ಟಿತು ಅಂತ ಬೇರೆಲ್ಲೋ ಹುಡುಕುತ್ತಾ ಇರುತ್ತೀರಿ.

ಸ್ವಾಪ್ ಅಂದರೆ ರ್‍ಯಾಮ್ ಸಾಲದಾದಾಗ ಕಾರ್ಡನ್ನೇ ರ್‍ಯಾಮ್ ಹಾಗೆ ಬಳಸುವುದು. ಸ್ವಾಪ್‌ಆನ್ --ಶೋ ಕೊಡಿ. /ವಾರ್/ಸ್ವಾಪ್ ಅಂತ ಕಂಡರೆ ಅದು ಕಾರ್ಡ್‌ನಲ್ಲಿದೆ. ಝಡ್‌ರ್‍ಯಾಮ್ ಅಂತ ಕಂಡರೆ ರ್‍ಯಾಮ್‌ನಲ್ಲೇ ಕುಗ್ಗಿಸಿ ಇಟ್ಟುಕೊಳ್ಳುವ ಸ್ವಾಪ್, ಚಿಂತೆ ಇಲ್ಲ. ಬುಕ್‌ವರ್ಮ್ (ಪೈ ಓಎಸ್‌ನ ಒಂದು ಆವೃತ್ತಿ) ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಕಾರ್ಡ್‌ನ ಸ್ವಾಪನ್ನು ನೋಡಿಕೊಳ್ಳುವುದು ಡಿಫಿಸ್-ಸ್ವಾಪ್‌ಫೈಲ್ ಸೇವೆ, ಹೆಸರು ಡಿ-ಪಿ-ಎಚ್-ವೈ-ಎಸ್ ಅಂತ. ಅದನ್ನು ನಿಲ್ಲಿಸಿ ಝಡ್‌ರ್‍ಯಾಮ್ ಹಾಕಿಕೊಳ್ಳಬಹುದು. ಯಾವ ಸ್ವಾಪೂ ಇಲ್ಲದೆ 512 ಎಂಬಿ ಬೋರ್ಡ್ ಓಡಿಸಿದರೆ ರ್‍ಯಾಮ್ ತುಂಬಿದ ಕ್ಷಣ ಲಿನಕ್ಸ್ ಯಾವುದಾದರೂ ಪ್ರೋಗ್ರಾಂ ಕತ್ತು ಹಿಸುಕುತ್ತದೆ, ಅದು ನಿಮಗೆ ಬೇಕಾದದ್ದೇ ಆಗಿರುತ್ತದೆ ಅನ್ನುವುದು ನನ್ನ ಅನುಭವ.

ಮೌಂಟ್ ಅಂದರೆ ಪಾರ್ಟಿಷನ್ ಬಳಕೆಗೆ ಜೋಡಿಸುವುದು. ಅದರ ನಿಯಮಗಳು ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಇರುತ್ತವೆ. ನೋಎಟೈಮ್ ಅನ್ನುವ ಪದ ಇದೆಯಾ ನೋಡಿ, ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಫೈಲ್ ಓದಿದ್ದಕ್ಕೂ "ಇಷ್ಟು ಹೊತ್ತಿಗೆ ಓದಿದರು" ಅಂತ ಬರೆದಿಡುವ ಚಟ ಇದರಿಂದ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಕಮಿಟ್=60 ಸೇರಿಸಿದರೆ ದಿನಚರಿ 5 ಸೆಕೆಂಡಿಗೊಮ್ಮೆ ಬರೆಯುವ ಬದಲು ನಿಮಿಷಕ್ಕೊಮ್ಮೆ ಬರೆಯುತ್ತದೆ. ಕರೆಂಟ್ ಹೋದರೆ ಒಂದು ನಿಮಿಷದಷ್ಟು ಕೆಲಸ ಹೋಗಬಹುದು, ಒಪ್ಪಿಗೆ ಇದ್ದರೆ ಮಾಡಿ. ಡೇಟಾಬೇಸ್‌ಗಳಿಗೆ ಇದರಿಂದ ಅಷ್ಟೇನೂ ವ್ಯತ್ಯಾಸ ಆಗದು, ಅವು "ಈಗಲೇ ಬರೆ" ಅಂತ ತಾವೇ ಒತ್ತಾಯ ಮಾಡುತ್ತವೆ.

ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಬೋರ್ಡ್ ಬೂಟ್ ಆಗದೇ ಹೋಗಬಹುದು. ರೀಬೂಟ್‌ಗೆ ಮೊದಲು ಫೈಂಡ್‌ಎಂಎನ್‌ಟಿ --ವೆರಿಫೈ ಓಡಿಸಿ ನೋಡಿ.

ಹಂತ 7: ಕಾರ್ಡ್‌ಗೆ ಬೀಗ, ಅಂದರೆ ಓವರ್‌ಲೇ

ಬೋರ್ಡ್ ಒಂದೇ ಕೆಲಸ ಮಾಡುತ್ತದೆ, ಒಳಗೆ ಏನನ್ನೂ ಉಳಿಸಿಕೊಳ್ಳಬೇಕಿಲ್ಲ ಅಂತಾದರೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಪರದೆಯಲ್ಲಿ ವೆಬ್ ಪುಟ ತೋರಿಸುವುದು, ಸಂಗೀತ ನುಡಿಸುವುದು, ಸೆನ್ಸರ್ ಓದಿ ಬೇರೆ ಕಂಪ್ಯೂಟರ್‌ಗೆ ಕಳಿಸುವುದು, ಇಂಥವಕ್ಕೆ ಹೇಳಿ ಮಾಡಿಸಿದ್ದು. ಓವರ್‌ಲೇ ಹಾಕಿದರೆ ಕಾರ್ಡ್ ಓದಲು ಮಾತ್ರ. ಬರೆಯುವುದೆಲ್ಲ ರ್‍ಯಾಮ್‌ನಲ್ಲಿ ಹಾಸಿದ ಒಂದು ತೆಳು ಪದರದ ಮೇಲೆ, ಆಫ್ ಆದ ಕೂಡಲೇ ಆ ಪದರ ಮಾಯ. ಬರೆಯುವುದೇ ಇಲ್ಲ ಅಂದಮೇಲೆ ಬರೆಯುವಾಗ ಕರೆಂಟ್ ಹೋಗುವ ಪ್ರಶ್ನೆ ಎಲ್ಲಿಂದ ಬಂತು?

ಸುಡೋ ರಾಸ್ಪಿ-ಕಾನ್ಫಿಗ್ ತೆರೆಯಿರಿ, ಪರ್ಫಾರ್ಮೆನ್ಸ್ ಆಪ್ಷನ್ಸ್, ಅದರೊಳಗೆ ಓವರ್‌ಲೇ ಫೈಲ್ ಸಿಸ್ಟಮ್, ಯೆಸ್. ಬೂಟ್ ಪಾರ್ಟಿಷನ್‌ಗೂ ಬರೆಯದಂತೆ ರಕ್ಷಣೆ ಬೇಕಾ ಅಂತ ಕೇಳುತ್ತದೆ, ಅದಕ್ಕೂ ಯೆಸ್, ದಿನಚರಿ ಇಲ್ಲದ ಫ್ಯಾಟ್ ಅದೇ ತಾನೇ. ರೀಬೂಟ್ ಆದ ಮೇಲೆ ಹೋಮ್ ಫೋಲ್ಡರ್‌ನಲ್ಲಿ ಒಂದು ಖಾಲಿ ಫೈಲ್ ಮಾಡಿ ಮತ್ತೆ ರೀಬೂಟ್ ಮಾಡಿ. ಆ ಫೈಲ್ ಕಾಣೆಯಾಗಿದ್ದರೆ ಬೀಗ ಬಿದ್ದಿದೆ.

ಮರೆಯುವುದು ಇಲ್ಲೇ. ಓವರ್‌ಲೇ ಇದೆ ಅನ್ನುವುದು ಆರು ತಿಂಗಳಲ್ಲಿ ಮರೆತುಹೋಗಿ, ಅಪ್‌ಡೇಟ್ ಹಾಕಿ, ಪಾಸ್‌ವರ್ಡ್ ಬದಲಿಸಿ, ರೀಬೂಟ್ ಆದ ಮೇಲೆ ಎಲ್ಲ ಹಳೆಯದೇ ಇದೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಬೋರ್ಡ್ ಮೇಲೆ ಒಂದು ಚೀಟಿ ಅಂಟಿಸಿ. ಬದಲಾವಣೆ ಬೇಕಾದಾಗ ಮೊದಲು ಓವರ್‌ಲೇ ತೆಗೆದು ರೀಬೂಟ್, ಆಮೇಲೆ ಬೂಟ್ ಪಾರ್ಟಿಷನ್‌ನ ರಕ್ಷಣೆ ತೆಗೆದು ಇನ್ನೊಂದು ರೀಬೂಟ್, ಕೆಲಸ ಮುಗಿಸಿ ಮತ್ತೆ ಬೀಗ. ಇನ್ನೊಂದು, ಆ ಪದರ ಇರುವುದು ರ್‍ಯಾಮ್‌ನಲ್ಲಿ. ಲಾಗ್ ತಿಂಗಳುಗಟ್ಟಲೆ ಬೆಳೆದರೆ ರ್‍ಯಾಮ್ ತುಂಬಿ ಬೋರ್ಡ್ ನಿಂತುಬಿಡುತ್ತದೆ, ಆದ್ದರಿಂದ ಐದನೇ ಹಂತವನ್ನು ಇಲ್ಲೂ ಮಾಡಿರಬೇಕು.

ಹಂತ 8: ಜಾಸ್ತಿ ಬರೆಯಲೇಬೇಕಾದರೆ ಕಾರ್ಡ್ ಬಿಡಿ

ಡೇಟಾಬೇಸ್, ಕ್ಯಾಮೆರಾ ದಾಖಲೆ, ಡೌನ್‌ಲೋಡ್ ಇಂಥ ಕೆಲಸಕ್ಕೆ ಎಸ್‌ಎಸ್‌ಡಿ. ಪೈ 4 ಮತ್ತು 5 ಯುಎಸ್‌ಬಿ ಎಸ್‌ಎಸ್‌ಡಿಯಿಂದಲೇ ಬೂಟ್ ಆಗುತ್ತವೆ, ಪೈ 4 ತುಂಬ ಹಳೆಯದಾದರೆ ಮೊದಲು ಬೂಟ್‌ಲೋಡರ್ ಅಪ್‌ಡೇಟ್ ಮಾಡಿಕೊಳ್ಳಿ. ಪೈ 5ಕ್ಕೆ ಮೇಲೊಂದು ಚಿಕ್ಕ ಬೋರ್ಡ್ ಜೋಡಿಸಿ ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿ ಹಾಕಬಹುದು. ಇಎಂಎಂಸಿ (ಬೋರ್ಡ್‌ಗೇ ಸಿಕ್ಕಿಸುವ ಫ್ಲ್ಯಾಶ್ ಮೆಮೊರಿ) ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಅದನ್ನೇ ಬಳಸಿ. ಆದರೆ ಎಸ್‌ಎಸ್‌ಡಿಯೂ ಅದೇ ಅಡಾಪ್ಟರ್‌ನಿಂದ ಉಣ್ಣುತ್ತದೆ, ಎರಡನೇ ಹಂತವನ್ನು ಹಾರಿಸಿ ನೇರ ಇಲ್ಲಿಗೆ ಬಂದವರು ವಾಪಸ್ ಹೋಗಿ.

ಕೆಟ್ಟೇಬಿಟ್ಟಿದ್ದರೆ

ಆಗಲಿಲ್ಲ ಅಂತ ಮತ್ತೆ ಮತ್ತೆ ಬೂಟ್ ಮಾಡಬೇಡಿ. ಪ್ರತಿ ಸಲವೂ ಅದು ಏನಾದರೂ ಬರೆಯಲು ಹೋಗಿ ಇನ್ನಷ್ಟು ಕೆಡಿಸುತ್ತದೆ. ಕಾರ್ಡ್ ತೆಗೆದು ಲಿನಕ್ಸ್ ಇರುವ ಕಂಪ್ಯೂಟರ್‌ಗೆ ಹಾಕಿ, ಮೌಂಟ್ ಆಗಿದ್ದರೆ ಅನ್‌ಮೌಂಟ್ ಮಾಡಿ. ಮೊದಲು ಡಿಡಿರೆಸ್ಕ್ಯೂನಿಂದ ಇಮೇಜ್ ತೆಗೆದುಕೊಳ್ಳಿ. ಓದಲಾಗದ ಜಾಗ ಬಂದರೆ ಅದನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಪ್ರಯತ್ನಿಸುವ ಬುದ್ಧಿ ಅದಕ್ಕಿದೆ. ಆಮೇಲೆ ಎರಡನೇ ಪಾರ್ಟಿಷನ್ ಮೇಲೆ ಇ2ಎಫ್‌ಎಸ್‌ಸಿಕೆ -ಎಫ್, ಮೊದಲನೆಯದರ ಮೇಲೆ ಎಫ್‌ಎಸ್‌ಸಿಕೆ.ವಿಫ್ಯಾಟ್. ಎಷ್ಟೋ ಸಲ ಇಷ್ಟಕ್ಕೇ ಏಳುತ್ತದೆ, ಕಾರ್ಡ್‌ಗೆ ಏನೂ ಆಗಿರುವುದಿಲ್ಲ.

ಸರಿಹೋಗದಿದ್ದರೆ ಡಿಮೆಸೇಜ್ ನೋಡಿ, ಟೈಪ್ ಮಾಡುವಾಗ ಡಿ-ಎಂ-ಇ-ಎಸ್-ಜಿ. ಎಂಎಂಸಿಬಿಎಲ್‌ಕೆ0 ಅಥವಾ ರೀಡರ್‌ನ ಹೆಸರಿನ ಪಕ್ಕದಲ್ಲಿ ಐ/ಓ ಎರರ್ ಸಾಲುಸಾಲಾಗಿ ಬರುತ್ತಿದ್ದರೆ ಕಾರ್ಡೇ ಹೋಗುತ್ತಿದೆ. ಒಂದು ಸಲ ರೀಡರ್ ಬದಲಿಸಿ ನೋಡಿ, ಅದರ ಸಂಪರ್ಕ ಸಡಿಲ ಇದ್ದರೂ ಹೀಗೇ ಬರುತ್ತದೆ.

ಇನ್ನೊಂದು ವಿಚಿತ್ರ ಸಾವಿದೆ, ಅದನ್ನು ಗುರುತಿಸಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ, ಆಯಿತು ಅಂದಿತು. ತೆಗೆದು ಹಾಕಿದರೆ ಹಳೆಯ ಫೈಲ್‌ಗಳೆಲ್ಲ ಹಾಗೇ ಇವೆ. ಮತ್ತೆ ಫಾರ್ಮ್ಯಾಟ್, ಮತ್ತೆ ಅದೇ. ಬದುಕಿದ್ದ ಬ್ಲಾಕ್‌ಗಳು ಮುಗಿದಾಗ ಕೆಲವು ಕಂಟ್ರೋಲರ್‌ಗಳು ಕಾರ್ಡನ್ನು ಓದಲು ಮಾತ್ರ ಅಂತ ಮಾಡಿಬಿಡುತ್ತವೆ, ಬರೆಯಲು ಹೇಳಿದರೆ "ಹೂಂ" ಅಂದು ಸುಮ್ಮನಾಗುತ್ತವೆ. ಪರೀಕ್ಷೆ ಇಷ್ಟೇ: ಒಂದು ಫೈಲ್ ಅಳಿಸಿ, ಕಾರ್ಡ್ ಹೊರಗೆ ತೆಗೆದು, ಮತ್ತೆ ಹಾಕಿ. ಫೈಲ್ ವಾಪಸ್ ಬಂದಿದ್ದರೆ ಆ ಕಾರ್ಡ್ ಮುಗಿಯಿತು, ಯಾವ ಸಾಫ್ಟ್‌ವೇರ್‌ನಿಂದಲೂ ಏಳುವುದಿಲ್ಲ. ಬೇಕಾದ ಫೈಲ್‌ಗಳನ್ನು ಮಾತ್ರ ಆರಾಮಾಗಿ ನಕಲು ಮಾಡಿಕೊಳ್ಳಿ, ಓದಲು ಅಡ್ಡಿಯಿಲ್ಲ.

ಅಂಥ ಕಾರ್ಡನ್ನು ಹಾಗೇ ಕಸಕ್ಕೆ ಎಸೆಯಬೇಡಿ. ಅದರಲ್ಲಿರುವ ವೈಫೈ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ ಯಾವುದನ್ನೂ ಅಳಿಸಲು ನಿಮಗೆ ಆಗಿಲ್ಲ ಅಲ್ವಾ. ಇಕ್ಕಳದಲ್ಲಿ ಹಿಡಿದು ಮಧ್ಯಕ್ಕೆ ಮುರಿದು, ಎರಡೂ ತುಂಡುಗಳನ್ನು ಇ-ತ್ಯಾಜ್ಯದ ಡಬ್ಬಿಗೆ ಹಾಕಿ.